ಉದ್ಯಾನಕ್ಕೊಬ್ಬ ಪ್ರೇಮಿ, ಪ್ರೇಮಿಗೊಂದು ಫಲಕ

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಶತ್ರುಗಳಿಲ್ಲ. ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು, ಯಾರ ಮೇಲೆ ದೂರು ಕೊಡಬೇಕೆಂದಾದರೂ ಗೊತ್ತಾಗುತ್ತಿತ್ತು. ಇರುವವರೆಲ್ಲ ಪ್ರೇಮಿಗಳೇ. ಬೆಳಗಾಗೆದ್ದು ಕೈ ಬೀಸಿಕೊಂಡು ಬರುವ ನಾನು, ಹನ್ನೊಂದರ ಬಿಸಿಲಿಗೆ ಬಿದಿರು ಮೆಳೆಯ ಮರೆ ಹುಡುಕುವ ಜೋಡಿ, ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುವ ಬಳಗ, ವರ್ಷಕ್ಕೊಮ್ಮೆ ಒಂದೇ ಬಣ್ಣದ ಟೀ ಶರ್ಟಿನಲ್ಲಿ ಬಸ್ಸಿಳಿಯುವ ಕಂಪನಿ, ಆಗಾಗ ನಕ್ಷೆ ಹಿಡಿದು ಬರುವ ಸರ್ಕಾರ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇದು ನಮ್ಮ ಊರಿನ ಶ್ವಾಸಕೋಶ.’ ಮನುಷ್ಯನಿಗೆ ಶ್ವಾಸಕೋಶ ಎರಡಿರುತ್ತವೆ, ಒಂದನ್ನು ತೆಗೆದರೂ ಬದುಕುತ್ತಾನೆ ಎಂಬ ವೈದ್ಯಕೀಯ ಸತ್ಯ ಇವರಲ್ಲಿ ಯಾರೋ ಒಬ್ಬರಿಗೆ ಚೆನ್ನಾಗಿ ಗೊತ್ತಿರುವಂತಿದೆ.

ಉದ್ಯಾನ ಸೇವೆಗಳಲ್ಲೆಲ್ಲ ಅತಿ ಅಗ್ಗದ್ದು ಹೆಸರಿಡುವುದು. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದಾಗ ಇದು ಮೀಡ್ಸ್ ಪಾರ್ಕ್. ಆಗಿನ ಹಂಗಾಮಿ ಕಮಿಷನರ್ ಜಾನ್ ಮೀಡ್ ಹೆಸರು. ಆಮೇಲೆ ಹಿಂದಿನ ಕಮಿಷನರ್ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಸರ್ಕಾರಿ ಕಾಗದದಲ್ಲಿ ಇಂದಿಗೂ ಅದೇ. ಆ ಹೆಸರನ್ನು ಆಟೋದವರಿಗೆ ಹೇಳಿ ನೋಡಿ, ನಿಮ್ಮನ್ನು ಚಾಮರಾಜಪೇಟೆಯಲ್ಲಿ ಇಳಿಸುತ್ತಾರೆ. ನೂರು ಎಕರೆಯಿಂದ ಶುರುವಾಗಿ ಮುನ್ನೂರರ ತನಕ ಹಬ್ಬಿತು ಎಂದು ಓದುತ್ತೇವೆ. ಇವತ್ತು ಎಷ್ಟಿದೆ ಎನ್ನುವುದು, ಅಳೆಯುವವರು ಏನೇನನ್ನು ಬಿಟ್ಟು ಅಳೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಒಳಗೂ ಅಂಚಿಗೂ ಹೈಕೋರ್ಟ್ ಇದೆ, ಕೇಂದ್ರ ಗ್ರಂಥಾಲಯವಿದೆ, ಮ್ಯೂಸಿಯಂ, ಮತ್ಸ್ಯಾಲಯ, ಬಾಲಭವನ, ಟೆನಿಸ್ ಅಂಗಳ, ಕ್ಲಬ್ಬು ಎಲ್ಲ ಇವೆ. ನಡುನಡುವೆ ಮರಗಳಿಗೂ ಅವಕಾಶ ಮಾಡಿಕೊಟ್ಟಿದ್ದಾರೆ.

ಮೊದಲು ನನ್ನ ಪಾಪವನ್ನೇ ಹೇಳಿಬಿಡುತ್ತೇನೆ. ನಮ್ಮ ವಾಕಿಂಗ್ ಬಳಗಕ್ಕೆ ಒಂದು ಭಾನುವಾರ ಶ್ರಮದಾನದ ಹುಕಿ ಬಂತು. ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಎಂಬ ಚರ್ಚೆ ವಾಟ್ಸಾಪಿನಲ್ಲಿ ಮೂರು ದಿನ ನಡೆಯಿತು. ಕಸ ಎತ್ತುವ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತು ಫೋಟೊಗೆ, ಆಮೇಲೆ ಇಡ್ಲಿ-ವಡೆಗೆ. ನಾವು ಎತ್ತಿದ ಕಸ ಎರಡು ಮೂಟೆ. ಎದ್ದು ಹೊರಟಾಗ ಮರದಡಿ ಬಿಟ್ಟ ಪೇಪರ್ ತಟ್ಟೆ, ಲೋಟ, ಚಟ್ನಿ ಪೊಟ್ಟಣಗಳದ್ದು ಮೂರು ಮೂಟೆ. ಲೆಕ್ಕ ಹಾಕಿದವಳು ನಾನಲ್ಲ, ಪೊರಕೆ ಹಿಡಿದು ನಿಂತಿದ್ದ ಮಾಲಿಯಮ್ಮ. ಆಕೆ ನಮ್ಮ ಬ್ಯಾನರನ್ನೂ ಮಡಿಸಿ ಮೂಟೆಗೆ ತುರುಕಿದಳು. ಅದು ಯಾವ ಮೂಟೆಯ ಲೆಕ್ಕಕ್ಕೆ ಸೇರಿತೋ ಕೇಳಲು ಧೈರ್ಯವಾಗಲಿಲ್ಲ.

ಕಂಪನಿಗಳ ಸೇವೆಯಲ್ಲಿ ಶಿಸ್ತು ಹೆಚ್ಚು. ಅವರಿಗೆ ಕಾನೂನಿನ ಪ್ರೇರಣೆಯಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪರಿಸರವೂ ಪರಂಪರೆಯೂ ಆ ಪಟ್ಟಿಯಲ್ಲಿವೆ. ಹೀಗಾಗಿ ಜೂನ್ 5 ಬಂತೆಂದರೆ ಸಸಿಗಳಿಗೆ ನಡುಕ. ಒಮ್ಮೆ ನಾನು ಕಣ್ಣಾರೆ ಕಂಡ ಕಾರ್ಯಕ್ರಮದಲ್ಲಿ ಸಸಿ ಹನ್ನೊಂದು, ನೆಡಲು ಬಂದವರು ನಲವತ್ತರ ಮೇಲೆ. ಒಂದೊಂದು ಹೊಂಗೆ ಗಿಡಕ್ಕೂ ನಾಲ್ಕು ಜನ ಕೈ ಹಚ್ಚಿ, ಕ್ಯಾಮೆರಾ ಕಡೆ ಮುಖ ಮಾಡಿ, ಗಿಡದ ಕಡೆ ಬೆನ್ನು ಮಾಡಿ ನಿಂತಿದ್ದರು. ಗುಂಡಿ ತೋಡಿದ್ದು ಹಿಂದಿನ ಸಂಜೆಯೇ, ಅದೇ ಮಾಲಿಯಮ್ಮ ಮತ್ತು ಆಕೆಯ ಜೊತೆಯವರು. ದೊಡ್ಡ ಸಾಹೇಬರು ಗುದ್ದಲಿ ಹಿಡಿದ ಚಿತ್ರ ಬೇಕೆಂದು, ತೋಡಿದ ಗುಂಡಿಯನ್ನು ಅರ್ಧ ಮುಚ್ಚಿ ಮತ್ತೆ ತೋಡಿಸಲಾಯಿತು.

“ನೆಡಾಕೆ ಎಲ್ಲಾ ಬತ್ತಾರೆ ತಾಯಿ, ನೀರಾಕಾಕೆ ಮಾತ್ರ ನಾವೇ ಇರ್ಬೇಕು,” ಎಂದಳು ಆಕೆ.

ವರ್ಷದ ಮೇಲೆ ನೋಡಿದರೆ ಹನ್ನೊಂದರಲ್ಲಿ ಎರಡು ಉಳಿದಿದ್ದವು. ಕಂಪನಿಯ ಫಲಕ ಮಾತ್ರ ಸಿಮೆಂಟಿನಲ್ಲಿ ಚೆನ್ನಾಗಿ ಬೇರು ಬಿಟ್ಟಿತ್ತು.

ದೇಣಿಗೆಯ ಮರ್ಮವೇ ಈ ಫಲಕ. ಕಲ್ಲುಬೆಂಚು ಕೊಡಲು ಜನ ಸಿಗುತ್ತಾರೆ: ಒರಗುವ ಜಾಗದಲ್ಲಿ ತೀರಿಹೋದ ತಂದೆಯ ಹೆಸರು, ಕೆಳಗೆ ದೊಡ್ಡಕ್ಷರದಲ್ಲಿ ಬದುಕಿರುವ ಮಗನ ಹೆಸರು. ಕಸದ ಡಬ್ಬಿ ಕೊಡುತ್ತಾರೆ, ಅದರ ಹೊಟ್ಟೆಯ ಮೇಲೆ ಲೋಗೊ. ಗುತ್ತಿಗೆಯ ಮೇಲೆ ದುಡಿಯುವ ಮಾಲಿಯ ಕೂಲಿಗೆ ಕೊಡುವ ದಾನಿಯನ್ನು ನಾನು ಈವರೆಗೆ ಕಂಡಿಲ್ಲ. ಕೂಲಿಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ.

ಪರಂಪರೆಯ ವಿಚಾರ ಬೇಗ ಮುಗಿಸುತ್ತೇನೆ, ಏಕೆಂದರೆ ಪಾರಂಪರಿಕ ನಡಿಗೆಯವರೂ ಬೇಗ ಮುಗಿಸುತ್ತಾರೆ. ಹೈಕೋರ್ಟ್ ಇರುವ ಕೆಂಪು ಅಠಾರ ಕಚೇರಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಬ್ಯಾಂಡ್‌ಸ್ಟ್ಯಾಂಡ್, ವಿಕ್ಟೋರಿಯಾ ರಾಣಿಯ ಪ್ರತಿಮೆ, ಕೊನೆಗೆ ಫಿಲ್ಟರ್ ಕಾಫಿ. ರಾಣಿಯ ಬಗ್ಗೆ ಇಪ್ಪತ್ತು ನಿಮಿಷ ಕೇಳಿದವರು ಅವಳ ಬೆನ್ನ ಹಿಂದಿನ ಮರದ ಹೆಸರು ಕೇಳಿದ್ದನ್ನು ನಾನು ಕಾಣೆ. ಅದಕ್ಕಿಂತ ಸೊಗಸಾದದ್ದು ‘ದತ್ತು’ ಎಂಬ ಪದ. ಸ್ಮಾರಕ ದತ್ತು, ಉದ್ಯಾನ ದತ್ತು, ವೃತ್ತ ದತ್ತು. ನಮ್ಮಲ್ಲಿ ದತ್ತು ಕೊಡುವುದು ಹೆತ್ತವರು ಸತ್ತಾಗ ಅಥವಾ ಸಾಕಲಾಗದೆ ಕೈಚೆಲ್ಲಿದಾಗ. ಸರ್ಕಾರ ಯಾವ ಕಾರಣಕ್ಕೆ ಕೊಡುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. 2015ರಲ್ಲಿ ಪಕ್ಕದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಹೀಗೆ ದತ್ತು ಕೊಡುವ ಒಪ್ಪಂದವಾದಾಗ ಕಲಾವಿದರು ಕುಂಚ ಕೆಳಗಿಟ್ಟು ಬೀದಿಗಿಳಿದರು. ಆ ಒಪ್ಪಂದ ಬಿದ್ದುಹೋಯಿತು. ಕೂಸಿಗೆ ಮಾತು ಬರುತ್ತಿದ್ದರೆ ದತ್ತುಗಳು ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ಇನ್ನು ದನಿ ಎತ್ತುವ ಸೇವೆ. ಇದರಲ್ಲಿ ನಮ್ಮೂರಿನ ಮಾದರಿ ಹೋರಾಟಗಾರರು ಯಾರೆಂದರೆ ಸಾಕುನಾಯಿಗಳು. 2022ರಲ್ಲಿ ಕಬ್ಬನ್ ಪಾರ್ಕಿನೊಳಗೆ ನಾಯಿಗಳಿಗೆ ಪ್ರವೇಶವಿಲ್ಲ ಎಂಬ ಮಾತು ಬಂದದ್ದೇ ತಡ, ಅವುಗಳ ಪರವಾಗಿ ಆನ್‌ಲೈನ್ ಸಹಿ ಸಂಗ್ರಹ ಶುರುವಾಯಿತು, ಗಣ್ಯರು ಮಾತಾಡಿದರು, ತೋಟಗಾರಿಕೆ ಇಲಾಖೆ ಹಿಂದೆ ಸರಿಯಿತು. ನಾಯಿಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಮರಗಳಿಗೂ ಬಾಲವಿದ್ದಿದ್ದರೆ ಎಂದು ಅನ್ನಿಸುತ್ತದೆ, ಅಷ್ಟೆ.

ಏಕೆಂದರೆ ಇಲ್ಲಿನ ಮರಗಳ ಕಡೆಗೆ ಇರುವುದು ಮುಖ್ಯವಾಗಿ ಒಂದು ಗಟ್ಟಿ ಕಾಗದ: 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ. ಕೆಲವೇ ಪುಟ. ಉದ್ಯಾನದ ನೆಲವನ್ನು ಸರ್ಕಾರ ಮಾರಬಾರದು, ಗುತ್ತಿಗೆ ಕೊಡಬಾರದು, ದಾನ ಮಾಡಬಾರದು ಎಂಬುದೇ ಅದರ ಜೀವಾಳ. ಗಮನಿಸಿ, ಈ ಕಾಯ್ದೆ ಕೈಕಟ್ಟಿರುವುದು ಕಡಲೆಕಾಯಿ ಸಿಪ್ಪೆ ಎಸೆಯುವ ನಮ್ಮ ನಿಮ್ಮಂಥವರದ್ದಲ್ಲ. ಸರ್ಕಾರದಿಂದ ಉದ್ಯಾನವನ್ನು ಕಾಪಾಡಲು ಸರ್ಕಾರವೇ ಬರೆದುಕೊಂಡ ಕಾಯ್ದೆ ಇದು. ಕುಡುಕ ತನ್ನ ಬೀರುವಿನ ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟ ಹಾಗೆ. ಸಂಜೆಯಾದರೆ ಆ ಬೀಗದ ಕೈ ಬೇಕೆಂದು ಅವನೇ ರಂಪ ಮಾಡುತ್ತಾನೆ.

ರಂಪ ಆಗಾಗ ನಡೆದಿದೆ. 1998ರಲ್ಲಿ ಕಬ್ಬನ್ ಪಾರ್ಕಿನ 30ಕ್ಕೂ ಹೆಚ್ಚು ಎಕರೆಯನ್ನು ರಕ್ಷಣೆಯ ಗೆರೆಯಿಂದ ಹೊರಗಿಡುವ ಹೆಜ್ಜೆ ಇಟ್ಟಾಗ ಜನ ಧರಣಿ ಕೂತರು, ವಿಷಯ ಹೈಕೋರ್ಟ್ ಹತ್ತಿತು. ಆಮೇಲೆ ಮೆಟ್ರೊ ಬಂತು. ಅದಕ್ಕೆ ಊರಿನ ಇನ್ನೊಂದು ಉದ್ಯಾನವಾದ ಲಾಲ್‌ಬಾಗಿನ ಚೂರು ನೆಲ ಬೇಕಿತ್ತು, ಇದೇ ಕಾಯ್ದೆ ಅಡ್ಡ ನಿಂತಿತ್ತು. ಕಾಯ್ದೆಗೇ ತಿದ್ದುಪಡಿ ತಂದು ದಾರಿ ಮಾಡಿಕೊಂಡರು. 2024ರಲ್ಲಿ ಕಬ್ಬನ್ ಪಾರ್ಕಿನ ಹಳೆಯ ಚುನಾವಣಾ ಆಯೋಗದ ಕಟ್ಟಡದ ಜಾಗದಲ್ಲಿ ಹೈಕೋರ್ಟಿಗೆಂದು ಹತ್ತು ಅಂತಸ್ತಿನ ಕಟ್ಟಡದ ಮಾತೆದ್ದಿತು. ಕಟ್ಟುವ ಕಟ್ಟಡವೇ ನ್ಯಾಯ ಕೊಡುವವರದ್ದಾದರೆ ಮರ ಯಾವ ಕಟಕಟೆ ಹತ್ತಬೇಕು? 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಕೊರೆದು, ಅದಕ್ಕೊಂದು ಬಾಯಿಯನ್ನು ಲಾಲ್‌ಬಾಗಿನ ಮಗ್ಗುಲಲ್ಲಿ ತೆರೆಯುವ ಯೋಜನೆ ಊರ ಬಾಯಿಗೆ ಬಿತ್ತು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕವನ್ನೂ ನೆಟ್ಟಿದ್ದಾರೆ. ಹೈದರಾಲಿ 1760ರಲ್ಲಿ ತೋಟ ಹಾಕಿಸುವಾಗ ಬಂಡೆಯನ್ನು ಅದರ ಪಾಡಿಗೆ ಬಿಟ್ಟ. ಅವನಿಗೆ ಸಿಲ್ಕ್ ಬೋರ್ಡ್ ತಲುಪುವ ಅವಸರ ಇರಲಿಲ್ಲ.

ಪ್ರತಿ ಸಲವೂ ತಡೆಯಲು ನಿಂತವರು ಯಾರು ಎಂದು ಹಿಂತಿರುಗಿ ನೋಡಿದರೆ ಟೀ ಶರ್ಟಿನವರು ಅಷ್ಟಾಗಿ ಕಾಣುವುದಿಲ್ಲ. ಅರ್ಜಿ ಹಿಡಿದು ಕಚೇರಿ ಅಲೆದವರು, ಮಾಹಿತಿ ಹಕ್ಕಿನಲ್ಲಿ ಕಡತ ತೆಗೆಸಿದವರು, ಕೈಯಿಂದ ಹಣ ಹಾಕಿ ವಕೀಲರನ್ನು ಹಿಡಿದವರು, ಇಂಥ ನೀರಸ ಮಂದಿ ಕಾಣುತ್ತಾರೆ. ಇವರ ಫೋಟೊ ಚೆನ್ನಾಗಿ ಬರುವುದಿಲ್ಲ. ಇವರ ಹೆಸರಿನ ಬೆಂಚೂ ಇಲ್ಲ. ಫಲಪುಷ್ಪ ಪ್ರದರ್ಶನದ ಗಾಜಿನ ಮನೆಯಲ್ಲಿ ಹೂವಿನ ದೇವಸ್ಥಾನ, ಹೂವಿನ ವಿಧಾನಸೌಧ ನಿಲ್ಲಿಸುತ್ತಾರಲ್ಲ, ಹೂವಿನ ಆಕ್ಷೇಪಣಾ ಪತ್ರವೊಂದನ್ನು ಇನ್ನೂ ಯಾರೂ ಮಾಡಿಲ್ಲ.

ನಮ್ಮ ವಾಕಿಂಗ್ ಬಳಗದ ಕತೆಗೆ ಬರೋಣ. ಹತ್ತು ಅಂತಸ್ತಿನ ಸುದ್ದಿ ಬಂದ ದಿನ ವಾಟ್ಸಾಪ್ ಹೊತ್ತಿ ಉರಿಯಿತು. ಅಳುವ ಮುಖ, ಮುಗಿದ ಕೈ, ಮುರಿದ ಹೃದಯ ಎಲ್ಲ ಹರಿದುಬಂದವು. ಹಾಗಿದ್ದರೆ ಒಂದು ಪತ್ರ ಬರೆಯೋಣ, ಎಲ್ಲರೂ ಸಹಿ ಹಾಕಿ ಎಂದು ನಾನು ಹಾಕಿದ ಮೇಲೆ ಗುಂಪು ಬಾವಿಯ ತಳದ ಹಾಗೆ ತಣ್ಣಗಾಯಿತು. ಒಬ್ಬರಿಗೆ ಸರ್ಕಾರಿ ನೌಕರಿಯ ಅಳಿಯ, ಇನ್ನೊಬ್ಬರಿಗೆ ಕ್ಲಬ್ಬಿನ ಸದಸ್ಯತ್ವದ ಅರ್ಜಿ ಬಾಕಿ. ಮತ್ತೊಬ್ಬರು, ನಿವೃತ್ತ ಅಧಿಕಾರಿಗಳು, “ನೋಡೀಮ್ಮಾ, ಇದರಲ್ಲೆಲ್ಲ ರಾಜಕೀಯ ಇರತ್ತೆ,” ಎಂದು ನನ್ನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು. ಕೊನೆಗೆ ಸಹಿ ಬಿದ್ದದ್ದು ಮೂರು. ಮುಂದಿನ ಭಾನುವಾರದ ಶ್ರಮದಾನಕ್ಕೆ ಮಾತ್ರ ಎಲ್ಲರೂ ಹೆಸರು ಕೊಟ್ಟಿದ್ದರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಗಿಡ ನೆಡಬೇಡಿ ಎನ್ನುವುದಿಲ್ಲ. ನೆಟ್ಟರೆ ಎರಡು ಬೇಸಿಗೆ ನೀರು ಹಾಕಿ, ಆಗದಿದ್ದರೆ ಮಾಲಿಯಮ್ಮನ ಕೂಲಿ ಸಮಯಕ್ಕೆ ಸರಿಯಾಗಿ ಆಗುತ್ತಿದೆಯೇ ಎಂದು ಒಂದು ಅರ್ಜಿ ಹಾಕಿ ಕೇಳಿ. ಸರ್ಕಾರಿ ಪ್ರಕಟಣೆಗಳು ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರದಲ್ಲಿ ಬರುತ್ತವೆ. ಕನ್ನಡಕ ಹಾಕಿಕೊಳ್ಳಿ. ‘ಉದ್ಯಾನ’ ಎಂಬ ಪದ ಕಂಡರೆ ಒಂದು ಬಿಳಿ ಹಾಳೆ ತೆಗೆದು, 1975ರ ಕಾಯ್ದೆಯ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ, ಕೊಟ್ಟ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಸಹಿಯ ಕೆಳಗೆ ಪೂರ್ತಿ ವಿಳಾಸ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ.