ಅನುಪಲಬ್ಧಿ ಪ್ರಮಾಣವೂ ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಭಿಮಾನಿಯೂ: ಒಂದು ಜಿಜ್ಞಾಸೆ

ಜ್ಞಾನ ಹುಟ್ಟುವ ದಾರಿಗಳು ಎಷ್ಟು ಎಂಬ ವಿಷಯದಲ್ಲಿ ನಮ್ಮ ದಾರ್ಶನಿಕರು ಎಂದೂ ಒಮ್ಮತಕ್ಕೆ ಬಂದವರಲ್ಲ. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು, ನೈಯಾಯಿಕರು ನಾಲ್ಕೆಂದರು, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಆರಕ್ಕೆ ಏರಿಸಿದರು. ಆ ಆರನೆಯದೇ ಅನುಪಲಬ್ಧಿ. ವಸ್ತು ಕಾಣದೆ ಇರುವುದರಿಂದಲೇ ಅದು ಅಲ್ಲಿಲ್ಲ ಎಂಬ ಜ್ಞಾನ ಉಂಟಾಗುತ್ತದೆ ಎನ್ನುವ ವಾದ ಅದು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಪಂಡಿತರು ತಲೆತಲಾಂತರದಿಂದ ಕೊಡುತ್ತ ಬಂದ ಉದಾಹರಣೆ. ಪ್ರಾಭಾಕರರು ಮಾತ್ರ ಒಪ್ಪಲಿಲ್ಲ. ಬರಿನೆಲ ಕಂಡರೆ ಬರಿನೆಲ ಕಂಡಿತು ಅಷ್ಟೆ, ಅದಕ್ಕೆ ಬೇರೊಂದು ಪ್ರಮಾಣ ಯಾತಕ್ಕೆ ಎಂದು ಕೇಳಿದರು. ಈ ವ್ಯಾಜ್ಯ ಇಷ್ಟು ಶತಮಾನ ಇತ್ಯರ್ಥವಾಗದೆ ಉಳಿಯಲು ಕಾರಣ, ಎರಡೂ ಕಡೆಯವರು ಸರಿಯಾದ ಸಾಕ್ಷಿಯನ್ನು ಕಟಕಟೆಗೆ ಕರೆಸದೆ ಹೋದದ್ದು. ಆ ಸಾಕ್ಷಿ ಅಮೆರಿಕದ ಮೂರನೆಯ ಡಿವಿಷನ್ನಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ಅಭಿಮಾನಿ. ಅವನನ್ನೋ ಅವಳನ್ನೋ ಅರ್ಧ ಗಂಟೆ ಮಾತಾಡಲು ಬಿಟ್ಟಿದ್ದರೆ ಸಾಕಿತ್ತು, ಅನುಪಲಬ್ಧಿ ಆರನೆಯ ಪ್ರಮಾಣವಲ್ಲ, ಮೊದಲನೆಯದು, ಉಳಿದ ಐದೂ ಅದರ ಮನೆಯಾಳುಗಳು ಎಂಬುದು ಸ್ಥಾಪಿತವಾಗುತ್ತಿತ್ತು. ಸಾಕ್ಷ್ಯ ಕಡಿಮೆಯಾದಷ್ಟೂ ಸಿದ್ಧಾಂತ ಗಟ್ಟಿಯಾಗುತ್ತದೆ. ಸಾಕ್ಷ್ಯ ಪೂರ್ತಿ ಇಲ್ಲವಾದಾಗ ಅದು ಅಲುಗಾಡದ ನಿಲುವಿಗೆ ಬರುತ್ತದೆ. ಈ ಪ್ರಬಂಧದ ಪ್ರತಿಜ್ಞೆ ಇದು.

ಮೊದಲು ಕ್ಷೇತ್ರದ ಪರಿಚಯ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ 1973ರಲ್ಲಿ ತನ್ನ ಸದಸ್ಯರನ್ನು ಮೂರು ಡಿವಿಷನ್‌ಗಳಾಗಿ ಹಂಚಿತು. ಟೀವಿಯಲ್ಲಿ ಬರುವುದು ಮೊದಲನೆಯದು. ಮೂರನೆಯದರಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿವೆ, ಹೆಚ್ಚಿನವು ಸಣ್ಣವು, ಮತ್ತು ಅಲ್ಲಿ ಆಟಕ್ಕೆಂದು ಯಾರಿಗೂ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಹುಡುಗಿ ರಸಾಯನಶಾಸ್ತ್ರ ಓದಲು ಬರುತ್ತಾಳೆ, ಫೀಸು ಕಟ್ಟುತ್ತಾಳೆ, ಸಂಜೆ ಚೆಂಡು ಹಿಡಿಯುತ್ತಾಳೆ. ಮಹಿಳೆಯರಿಗೆ ಈ ಡಿವಿಷನ್ನಿನ ಚಾಂಪಿಯನ್‌ಶಿಪ್ 1982ರಲ್ಲಿ ಶುರುವಾಯಿತು. ಮೊದಲು ಗೆದ್ದದ್ದು ಪೆನ್ಸಿಲ್ವೇನಿಯದ ಎಲಿಜಬೆತ್‌ಟೌನ್ ಕಾಲೇಜು. ದುಡ್ಡಿಲ್ಲ, ಜಾಹೀರಾತಿಲ್ಲ, ವೃತ್ತಿಪರ ಲೀಗಿನ ಕನಸೂ ಹೆಚ್ಚಿನವರಿಗಿಲ್ಲ. ಇಷ್ಟೊಂದು ಇಲ್ಲಗಳು ಒಂದೆಡೆ ಕೂಡಿದ ಭೂಮಿ ಅನುಪಲಬ್ಧಿಗೆ ಇನ್ನೆಲ್ಲಿ ಸಿಕ್ಕೀತು?

ಈ ಆಟದ ಹುಟ್ಟಿನಲ್ಲೇ ಅಭಾವಕ್ಕೆ ಪೀಠ ಹಾಕಲಾಗಿತ್ತು ಎಂಬುದನ್ನು ಇತಿಹಾಸ ತೋರಿಸುತ್ತದೆ. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬುಟ್ಟಿ ತೂಗಿಹಾಕಿದ. ಹತ್ತಿರದಲ್ಲೇ ಇದ್ದ ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಮರುವರ್ಷವೇ ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಹೊಂದಿಸಿ, ಅಂಗಳವನ್ನು ಮೂರು ಪಾಲು ಮಾಡಿ, ಚೆಂಡು ಕಸಿಯಬಾರದೆಂದು ವಿಧಿಸಿದಳು. 1893ರಲ್ಲಿ ಅಲ್ಲಿ ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ನಡೆದಾಗ ಗಂಡಸರಿಗೆ ಪ್ರವೇಶವಿರಲಿಲ್ಲ. 1896ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿನಿಯರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರನ್ನು ಸೋಲಿಸಿದಾಗಲೂ ಅಷ್ಟೇ. ಆ ಪಂದ್ಯದ ಸ್ಕೋರು 2–1. ಅಂದರೆ ಊರಿನ ಅರ್ಧ ಜನ ಬಾಗಿಲಿನ ಹೊರಗೆ. ಒಳಗೆ ಇದ್ದವರಿಗೆ ಕಂಡ ಪಾಯಿಂಟುಗಳು ಮೂರು. ಹೊರಗಿದ್ದವರು ಮನೆಗೆ ಹೋಗಿ ಆ ಪಂದ್ಯದ ಬಗ್ಗೆ ಏನೂ ಮಾತಾಡಲಿಲ್ಲವೆಂದು ನಂಬುವವರು ಮನುಷ್ಯ ಸ್ವಭಾವವನ್ನು ಬಲ್ಲವರಲ್ಲ. ಕಾಣದೆಯೇ ಬಲ್ಲೆನೆಂಬ ಅಭಿಮಾನಿ ಪರಂಪರೆಯ ಆದಿಪುರುಷರು ಅವರೇ ಎಂದು ನಾವು ಸ್ಥಾಪಿಸುತ್ತೇವೆ, ಆಕ್ಷೇಪವಿದ್ದವರು ಅವರಲ್ಲೊಬ್ಬರ ಮೌನಕ್ಕೆ ದಾಖಲೆ ಒದಗಿಸಲಿ.

ಇನ್ನು ಪ್ರಮಾಣದ ಮುಖ್ಯ ಪ್ರಯೋಗಸ್ಥಳವಾದ ಭವಿಷ್ಯ ಚಿಂತನೆಗೆ ಬರೋಣ. ದೊಡ್ಡ ಡಿವಿಷನ್ನಿನಲ್ಲಿ ಹುಡುಗಿ ಯಾವ ಕಾಲೇಜಿಗೆ ಬರುತ್ತಾಳೆಂಬುದು ಕರಾರಿನ ಕಾಗದದಿಂದಲೇ ತಿಳಿಯುತ್ತದೆ. ಸ್ಕಾಲರ್‌ಶಿಪ್ ಇದ್ದಲ್ಲಿ ಸಹಿ ಇದೆ, ಸಹಿ ಇದ್ದಲ್ಲಿ ಸುದ್ದಿ ಇದೆ. ಅಲ್ಲಿನ ಅಭಿಮಾನಿಗೆ ಯೋಚಿಸುವ ಕೆಲಸ ಉಳಿಯುವುದಿಲ್ಲ, ಆದ್ದರಿಂದ ಅವನು ಬೌದ್ಧಿಕವಾಗಿ ಬಡವ. ಮೂರನೆಯ ಡಿವಿಷನ್ನಿನಲ್ಲಿ ಆಟಗಾರ್ತಿಯನ್ನು ಕಟ್ಟಿಹಾಕುವ ಕರಾರೇ ಇಲ್ಲ. ಸಹಿ ಹಾಕಿ ಫೋಟೋ ತೆಗೆಸಿಕೊಂಡರೂ ಅದು ಸಂಭ್ರಮಕ್ಕೆ ಮಾತ್ರ. ಆಕೆ ಮುಂಗಡ ಕಟ್ಟಿದಳೇ, ಕಟ್ಟಿದರೂ ಕೊನೆಗೆ ಬಂದಳೇ, ಬಂದರೂ ಪ್ರಯೋಗಶಾಲೆಯ ವೇಳಾಪಟ್ಟಿ ಆಡಲು ಬಿಟ್ಟಿತೇ ಎಂಬುದೆಲ್ಲ ತಂಡದ ಪಟ್ಟಿ ಹೊರಬರುವ ಶರತ್ಕಾಲದ ತನಕ ಗುಟ್ಟು. ಮಾರ್ಚಿನಿಂದ ಅಕ್ಟೋಬರ್ ತನಕದ ಈ ನಿರ್ವಾತದಲ್ಲಿ ಅಭಿಮಾನಿ ಶಾಸ್ತ್ರ ಕಟ್ಟುತ್ತಾನೆ. ಕಳೆದ ವರ್ಷದ ಪಾಯಿಂಟುಗಳಲ್ಲಿ ಪದವಿ ಮುಗಿಸಿ ಹೋಗುವವರ ಪಾಲೆಷ್ಟು, ಉಳಿಯುವವರ ಪಾಲೆಷ್ಟು, ಮೂರನೆಯ ವರ್ಷದವಳು ಒಂದು ಸೆಮಿಸ್ಟರ್ ವಿದೇಶಕ್ಕೆ ಓದಲು ಹೋದರೆ ರೀಬೌಂಡ್ ಹಿಡಿಯುವವರು ಯಾರು, ಎಲ್ಲಕ್ಕೂ ಲೆಕ್ಕವಿದೆ.

ಕೊನೆಗೆ ಪಟ್ಟಿ ಬಂದಾಗ ಅದರ ಒಂದೊಂದು ಸಾಲನ್ನೂ ಶಾಸನದಂತೆ ಓದಲಾಗುತ್ತದೆ. ಸಾಲಿನಲ್ಲಿ ಇರುವುದಿಷ್ಟು: ಅಂಗಿಯ ಸಂಖ್ಯೆ, ಹೆಸರು, ಆಡುವ ಸ್ಥಾನ, ಓದುತ್ತಿರುವ ವರ್ಷ, ಎತ್ತರ, ಊರು, ಹೈಸ್ಕೂಲು. ಎತ್ತರದ ಕಲಮು ಪ್ರಾಮಾಣಿಕವಲ್ಲ ಎಂಬುದರಲ್ಲಿ ಎಲ್ಲ ಪಂಥಗಳೂ ಒಂದಾಗಿವೆ. 5 ಅಡಿ 11 ಅಂಗುಲವೆಂದು ಅಚ್ಚಾದವಳು ಗುಂಪು ಫೋಟೋದಲ್ಲಿ 5 ಅಡಿ 9 ಅಂಗುಲದವಳ ಪಕ್ಕ ನಿಂತು ಅವಳಿಗೆ ಸಮನಾಗಿ ಕಾಣುತ್ತಾಳೆ. ಇಲ್ಲಿ ಸಾಮಾನ್ಯನು ಅಚ್ಚಿನ ತಪ್ಪನ್ನು ಕಾಣುತ್ತಾನೆ. ಅಭಿಮಾನಿಯಾದರೋ ಎರಡು ಅಂಗುಲದ ಅಭಾವವನ್ನು ಕಾಣುತ್ತಾನೆ, ಆ ಅಭಾವದಿಂದ ಕೋಚಿಗೆ ಈ ವರ್ಷ ಬುಟ್ಟಿಯ ಕೆಳಗೆ ನಿಲ್ಲಿಸಲು ಯಾರೂ ಸಿಕ್ಕಿಲ್ಲವೆಂದು ಊಹಿಸುತ್ತಾನೆ, ಆ ಊಹೆಯಿಂದ ಫೆಬ್ರವರಿಯ ಲೀಗ್ ಸೆಮಿಫೈನಲ್ ಸೋಲನ್ನು ಸಿದ್ಧಪಡಿಸುತ್ತಾನೆ. ಹೆಸರೇ ಇಲ್ಲದವಳ ವಿಷಯವಂತೂ ಕೇಳಲೇಬೇಡಿ. ಕಳೆದ ವರ್ಷ ಸರಾಸರಿ ನಾಲ್ಕು ಪಾಯಿಂಟ್ ಹೊಡೆದು ಯಾರ ಬಾಯಲ್ಲೂ ಬರದಿದ್ದವಳು ಪಟ್ಟಿಯಿಂದ ಬಿಟ್ಟುಹೋದ ಗಳಿಗೆಯಿಂದ ತಂಡದ ಆಧಾರಸ್ತಂಭವಾಗುತ್ತಾಳೆ.

ಕೋಚ್ ಬದಲಾವಣೆಯ ಅಧ್ಯಾಯದಲ್ಲಿ ಪ್ರಮಾಣಕ್ಕೆ ಇನ್ನೂ ಬಿರುಸು. 2024ರ ವಸಂತದ ಘಟನಾವಳಿಯನ್ನೇ ನೋಡಿ. ಟೆನೆಸ್ಸೀ ವಿಶ್ವವಿದ್ಯಾಲಯದಲ್ಲಿ ಜಾಗ ಖಾಲಿಯಾಯಿತು. ಎರಡನೆಯ ಡಿವಿಷನ್ನಿನ ಗ್ಲೆನ್‌ವಿಲ್ ಸ್ಟೇಟ್‌ಗೆ 2022ರಲ್ಲಿ ಕಪ್ ಗೆದ್ದುಕೊಟ್ಟು ಮಾರ್ಷಲ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಕಿಮ್ ಕಾಲ್ಡ್‌ವೆಲ್ ಅಲ್ಲಿ ಒಂದೇ ಋತು ಕಳೆದು ಟೆನೆಸ್ಸೀಗೆ ಹೊರಟರು. ಮಾರ್ಷಲ್ ಖಾಲಿಯಾಯಿತು. ಅದನ್ನು ತುಂಬಲು ಹೋದವರು ಮೂರನೆಯ ಡಿವಿಷನ್ನಿನ ಜೂಲಿ ಫಲ್ಕ್ಸ್, ಕೆಂಟಕಿಯ ಲೆಕ್ಸಿಂಗ್ಟನ್ನಿನ ಟ್ರಾನ್ಸಿಲ್ವೇನಿಯ ವಿಶ್ವವಿದ್ಯಾಲಯದ ತಂಡವನ್ನು ಹಿಂದಿನ ವರ್ಷವಷ್ಟೇ 33–0 ದಾಖಲೆಯೊಂದಿಗೆ ಚಾಂಪಿಯನ್ ಮಾಡಿದ್ದವರು. ಟೆನೆಸ್ಸೀಯ ಒಂದು ಖಾಲಿ ಕುರ್ಚಿ ಎರಡು ಹೆಜ್ಜೆಯಲ್ಲಿ ಸಣ್ಣ ಕಾಲೇಜಿನ ಅಂಗಳಕ್ಕೆ ಬಂದು ಕೂತಿತು. ಕುರ್ಚಿ ನಡೆಯದು, ಅದರ ಖಾಲಿತನ ನಡೆಯುತ್ತದೆ. ಅಭಾವವೂ ಒಂದು ಪದಾರ್ಥವೇ ಎಂದ ವೈಶೇಷಿಕರಿಗೆ ಇದಕ್ಕಿಂತ ಹೆಚ್ಚಿನ ಬೆಂಬಲ ಬೇಕೆ? 2019ರಲ್ಲಿ ಮೂರನೆಯ ಡಿವಿಷನ್ನಿನ ಟಫ್ಟ್ಸ್‌ನ ಕೋಚ್ ಕಾರ್ಲಾ ಬೆರೂಬೆ ಪ್ರಿನ್ಸ್‌ಟನ್‌ಗೆ ಹೋದದ್ದೂ ಇದೇ ನಿಯಮದ ಅಡಿಯಲ್ಲಿ. ಆದ್ದರಿಂದ ಗೆಲ್ಲುವ ಕೋಚ್ ಹೊರಟೇ ಹೋಗುತ್ತಾರೆ ಎಂದು ಅಭಿಮಾನಿ ವ್ಯಾಪ್ತಿವಾಕ್ಯ ಹೊರಡಿಸಿದ್ದಾನೆ. ಹೋಗದಿದ್ದವರ ಗತಿ? ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಫೇಹಿ 31 ಋತು ಇದ್ದರು. ಐದು ಬಾರಿ ಕಪ್ ಗೆದ್ದರು, ಅದರಲ್ಲಿ ನಾಲ್ಕು 1998ರಿಂದ 2001ರ ತನಕ ಸಾಲಾಗಿ, ಆ ಓಟದಲ್ಲಿ ಸತತ 81 ಪಂದ್ಯಗಳ ಗೆಲುವು. ಕೊನೆಗೆ 2017ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಹೋಗುತ್ತಾರೆಂದು ಮೊದಲ ಕಪ್ಪಿನ ದಿನವೇ ಹೇಳಿದ ಅಭಿಮಾನಿ ಇದ್ದರೆ ಅವನ ಮಾತು ಸುಳ್ಳಾಗಲಿಲ್ಲ, ಫಲಿಸಲು ಹತ್ತೊಂಬತ್ತು ವರ್ಷ ಹಿಡಿಯಿತು ಅಷ್ಟೆ. ಇಲಿನಾಯ್‌ನ ಐದು ಋತುಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು ಬಂದದ್ದನ್ನು ಕಂಡು, ಹೋಗಬಾರದಿತ್ತು ಎಂದವನೂ ಅವನೇ ಇರಬೇಕು. ಶಾಸ್ತ್ರದಲ್ಲಿ ಇದಕ್ಕೆ ವಿರೋಧವಿಲ್ಲ, ಇವು ಬೇರೆ ಬೇರೆ ಪ್ರಕರಣಗಳು.

ಕಾಲೇಜಿನ ಪ್ರಕಟಣೆಗಳನ್ನು ಓದುವ ಕ್ರಮವನ್ನೂ ಇಲ್ಲಿ ಹೇಳಿಬಿಡಬೇಕು. ರಾಜೀನಾಮೆಯ ಪ್ರಕಟಣೆಯಲ್ಲಿ ಧನ್ಯವಾದ ಎಷ್ಟು ಸಾಲು ಇದೆ ಎಂಬುದು ಮುಖ್ಯವಲ್ಲ, ಯಾರ ಧನ್ಯವಾದ ಇಲ್ಲ ಎಂಬುದು ಮುಖ್ಯ. ಕ್ರೀಡಾ ನಿರ್ದೇಶಕರ ಹೇಳಿಕೆ ಇಲ್ಲದಿದ್ದರೆ ಹೊರದಬ್ಬಿದ್ದಾರೆ. ಇದ್ದರೆ, ಅದನ್ನು ಮುಚ್ಚಲು ಹೇಳಿಕೆ ಕೊಟ್ಟಿದ್ದಾರೆ. ಮುಂದಿನ ಕೋಚಿಗಾಗಿ ದೇಶಾದ್ಯಂತ ಹುಡುಕಾಟ ನಡೆಯಲಿದೆ ಎಂಬ ವಾಕ್ಯ ಬಂದಾಗ, ಇಷ್ಟು ವರ್ಷ ಬೆಂಚಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸಹಾಯಕಿಗೆ ಅಭಿನಂದನೆ ಹೇಳಲು ತೊಡಗಬಹುದು.

ಪ್ರಶಸ್ತಿಗಳ ವಿಷಯದಲ್ಲಿ ಎದುರಾಳಿ ಒಂದು ಕ್ಷಣ ಬೀಗಬಹುದು. ಇಲ್ಲಿ ಅಭಾವವೆಲ್ಲಿ? ವಾರದ ಆಟಗಾರ್ತಿ, ವಾರದ ಹೊಸಬಳು, ಲೀಗಿನ ಮೊದಲ ತಂಡ, ಎರಡನೆಯ ತಂಡ, ವಿಶೇಷ ಉಲ್ಲೇಖ, ರಕ್ಷಣೆಯ ತಂಡ, ಓದಿನಲ್ಲಿ ಮುಂದಿರುವವರ ತಂಡ. ಅಂಗಳದಲ್ಲಿ ಐವರು ಆಡುವ ಆಟಕ್ಕೆ ಎಷ್ಟೋ ಲೀಗುಗಳಲ್ಲಿ ಮೊದಲ ತಂಡದಲ್ಲೇ ಐವರಿಗಿಂತ ಹೆಚ್ಚು ಹೆಸರಿದೆ. ಎಲ್ಲಕ್ಕೂ ಮೇಲೆ ಜಾಸ್ಟೆನ್ಸ್ ಟ್ರೋಫಿ. ವರ್ಜಿನಿಯದ ಸೇಲಂ ಊರಿನ ರೋಟರಿ ಕ್ಲಬ್ಬು ಹುಟ್ಟುಹಾಕಿದ ಈ ಪ್ರಶಸ್ತಿ 1998ರಿಂದ ನಡೆದುಬಂದಿದೆ, ಆಟ, ಓದು, ಸಮಾಜಸೇವೆ ಮೂರನ್ನೂ ತೂಗಿ ಕೊಡುತ್ತಾರೆ. ಈ ಸಮೃದ್ಧಿಯೇ ನಮ್ಮ ಪಕ್ಷಕ್ಕೆ ಬಲ. ಪ್ರಶಸ್ತಿ ಬಂದವಳ ಬಗ್ಗೆ ಅಭಿಮಾನಿ ಒಂದು ವಾಕ್ಯ ಆಡುತ್ತಾನೆ, ಬಾರದವಳ ಬಗ್ಗೆ ಏಪ್ರಿಲ್ ತನಕ ಆಡುತ್ತಾನೆ. ಪ್ರಶಸ್ತಿಗಳು ಹೆಚ್ಚಿದಷ್ಟೂ ಬಾರದಿರುವ ಅವಕಾಶಗಳೂ ಹೆಚ್ಚುತ್ತವೆ. ಒಂದೇ ಪ್ರಶಸ್ತಿಯಿದ್ದರೆ ಒಂದೇ ಅನ್ಯಾಯ, ಹನ್ನೆರಡಿದ್ದರೆ ಹನ್ನೆರಡು. ಲೀಗಿನ ಪ್ರಶಸ್ತಿಗಳಿಗೆ ಮತ ಹಾಕುವವರು ಕೋಚುಗಳೇ, ಸಾಮಾನ್ಯವಾಗಿ ತಮ್ಮ ಹುಡುಗಿಗೆ ತಾವೇ ಹಾಕುವಂತಿಲ್ಲ, ಯಾರು ಯಾರಿಗೆ ಹಾಕಿದರೆಂದು ಹೊರಬೀಳುವುದಿಲ್ಲ. ಸೋಲುವ ತಂಡದಲ್ಲಿ ಇಪ್ಪತ್ತು ಪಾಯಿಂಟ್ ಹೊಡೆದವಳು ದೊಡ್ಡವಳೋ, ಗೆಲ್ಲುವ ತಂಡದಲ್ಲಿ ಹತ್ತು ಹೊಡೆದವಳೋ ಎಂಬ ಪ್ರಶ್ನೆ ಇದರಿಂದಾಗಿ ಸದಾ ಹಸಿರು. ಮತಪೆಟ್ಟಿಗೆ ತೆರೆದಿಟ್ಟರೆ ಅದು ಒಂದು ವಾರದಲ್ಲಿ ಬಾಡಿಹೋಗುತ್ತದೆ.

ಈಗ ಪೂರ್ವಪಕ್ಷಗಳು. ಮೊದಲನೆಯ ಆಕ್ಷೇಪ: ಅಂಕಿಅಂಶಗಳ ಕಾಲದಲ್ಲಿ ಊಹೆಗೆ ಜಾಗವೆಲ್ಲಿ? 64 ತಂಡಗಳ ರಾಷ್ಟ್ರೀಯ ಟೂರ್ನಿಗೆ, ಲೀಗ್ ಗೆಲ್ಲದೆಯೂ ಯಾರನ್ನು ಕರೆಯಬೇಕು ಎಂಬುದನ್ನು ಹಿಂದೆ ಸಮಿತಿಗಳು ಕೂತು ತೀರ್ಮಾನಿಸುತ್ತಿದ್ದವು. 2024–25ರ ಋತುವಿನಿಂದ ಎನ್‌ಪಿಐ ಎಂಬ ಸೂತ್ರ ಆ ಕೆಲಸ ಮಾಡುತ್ತಿದೆ. ಸರಿ, ಆದರೆ ಆ ಸೂತ್ರದ ಒಳಗೇನಿದೆ ನೋಡಿ. ದುರ್ಬಲ ತಂಡವನ್ನು ಸೋಲಿಸಿದ್ದರಿಂದ ನಿಮ್ಮ ಅಂಕ ಇಳಿಯುವಂತಿದ್ದರೆ ಆ ಗೆಲುವನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ. ಹುಡುಗಿಯರು ಬಸ್ಸಿನಲ್ಲಿ ಹೋದರು, ಆಡಿದರು, ಗೆದ್ದರು, ಬಂದರು. ಸೂತ್ರದ ಕಣ್ಣಿಗೆ ಆ ಪಂದ್ಯ ಇಲ್ಲ. ಗಣಿತವೇ ಅನುಪಲಬ್ಧಿಗೆ ದೀಕ್ಷೆ ಪಡೆದಿರುವಾಗ ಅಭಿಮಾನಿಯನ್ನು ದೂರುವುದೇಕೆ?

ಎರಡನೆಯದು ಇದಕ್ಕಿಂತ ಗಟ್ಟಿ ಆಕ್ಷೇಪ. ಥಾಮಸ್ ಮೋರ್ ಕಾಲೇಜು 2016ರಲ್ಲಿ, ಆಮ್ಹರ್ಸ್ಟ್ ಕಾಲೇಜು 2017 ಮತ್ತು 2018ರಲ್ಲಿ 33–0 ದಾಖಲೆಯೊಂದಿಗೆ ಚಾಂಪಿಯನ್. ನ್ಯೂಯಾರ್ಕ್ ವಿಶ್ವವಿದ್ಯಾಲಯ 2024 ಮತ್ತು 2025ರಲ್ಲಿ 31–0, ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಬೆರೆನ್ಸನ್ನಳ ಅದೇ ಸ್ಮಿತ್ ಕಾಲೇಜು. ಸೋಲೇ ಇಲ್ಲದ ತಂಡ ಎದುರಿಗೆ ಪ್ರತ್ಯಕ್ಷವಾಗಿ ನಿಂತಿರುವಾಗ ಚರ್ಚಿಸಲು ಏನು ಉಳಿದಿದೆ ಎಂದು ಕೇಳುತ್ತಾರೆ. ಉಳಿದಿರುವುದು ಅವರು ಯಾರ ಜೊತೆ ಆಡಲಿಲ್ಲ ಎಂಬುದು. 400 ತಂಡಗಳಲ್ಲಿ ಒಂದು ತಂಡ ಮೂವತ್ತಮೂರು ಪಂದ್ಯ ಆಡಿದರೆ ಆಡದ ಪಂದ್ಯಗಳು ಆಡಿದ್ದಕ್ಕಿಂತ ಹತ್ತು ಪಟ್ಟು ಹೆಚ್ಚು, ಅವುಗಳಲ್ಲಿ ನಮ್ಮ ಕಾಲೇಜೇ ಗೆಲ್ಲುತ್ತಿತ್ತು. ಪ್ರತ್ಯಕ್ಷದ ಮೇಲೆ ಇಷ್ಟು ಭರವಸೆ ಇಡುವವರು 2015ರ ಫೈನಲ್ ನೆನೆಯಬೇಕು. ಥಾಮಸ್ ಮೋರ್ ಗೆದ್ದದ್ದನ್ನು ಜನ ಕಣ್ಣಾರೆ ಕಂಡರು. ಆಮೇಲೆ ನಿಯಮೋಲ್ಲಂಘನೆಯ ಕಾರಣಕ್ಕೆ ಎನ್‌ಸಿಎಎ ಆ ಗೆಲುವನ್ನು ರದ್ದುಮಾಡಿತು, ಕಪ್ಪನ್ನು ಎರಡನೆಯವರಿಗೂ ಕೊಡಲಿಲ್ಲ. ಕಂಡದ್ದು ಇಲ್ಲವಾಗಿ, ಇಲ್ಲದಿರುವುದು ದಾಖಲೆಯಾಯಿತು. 2020ರಲ್ಲಂತೂ ಕೋವಿಡ್ ಬಂದು ಟೂರ್ನಿ ನಿಂತಾಗ ಹದಿನಾರು ತಂಡ ಕಣದಲ್ಲಿದ್ದವು. ಆ ವರ್ಷ ಚಾಂಪಿಯನ್ ಇಲ್ಲವೆನ್ನುವವರು ಲೆಕ್ಕ ಬಾರದವರು. ಆ ವರ್ಷ ಚಾಂಪಿಯನ್ನರು ಹದಿನಾರು.

ಈ ಅಭಿಮಾನಿಗಳಲ್ಲಿ ಬಹುಪಾಲು ಆಟಗಾರ್ತಿಯರ ಅಪ್ಪ ಅಮ್ಮಂದಿರು, ಅವರ ಮಾತು ಪಕ್ಷಪಾತದ್ದು ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಹೌದು. ಆಪ್ತವಾಕ್ಯವೂ ಒಂದು ಪ್ರಮಾಣವೆಂದು ನೈಯಾಯಿಕರೇ ಒಪ್ಪಿದ್ದಾರೆ. ಹೆತ್ತವರಿಗಿಂತ ಆಪ್ತರನ್ನು ಆಕ್ಷೇಪಕರು ತೋರಿಸಲಿ.

ಕೊನೆಗೆ ಎನ್‌ಸಿಎಎ ಅಧಿಕಾರಿಗಳಲ್ಲೂ ಕಾಲೇಜುಗಳ ಕ್ರೀಡಾ ನಿರ್ದೇಶಕರಲ್ಲೂ ಒಂದು ವಿನಂತಿ. ಪಾರದರ್ಶಕತೆಯ ಹೆಸರಿನಲ್ಲಿ ಯಾರಾದರೂ ಸಲಹೆ ತಂದರೆ ದಯವಿಟ್ಟು ಕಿವಿಗೊಡಬೇಡಿ. ಸ್ಕಾಲರ್‌ಶಿಪ್ ಕೊಡಬೇಡಿ, ಕೋಚುಗಳ ಮತಗಳನ್ನು ಹೊರಗೆ ಬಿಡಬೇಡಿ, ತಂಡದ ಪಟ್ಟಿಯನ್ನು ಅಕ್ಟೋಬರಿಗೆ ಮೊದಲು ಹಾಕಬೇಡಿ. ಹಾಕಲೇಬೇಕಾದರೆ ಎತ್ತರದ ಕಲಮನ್ನು ಈಗಿರುವಂತೆಯೇ ಬಿಡಿ.