ಆಲ್ಬಂ ಮೀಮಾಂಸೆ: ಬಳಗಾನೂರು ಸೀಮೆಯ ಲಗ್ನದ ಫೋಟೊ ಮತ್ತು ಗಿರಾಕಿ ಹಿಡಿಯುವ ಶಾಸ್ತ್ರ

ಪ್ರಬಂಧದ ವ್ಯಾಪ್ತಿಯನ್ನು ಮೊದಲೇ ಗೊತ್ತುಪಡಿಸುವುದು ವಿದ್ವತ್ತಿನ ಲಕ್ಷಣ. ಬಳಗಾನೂರನ್ನು ನಡುವಿಟ್ಟುಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಡೆಗೆ ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಬೈಕು ಹೋಗಿಬರುವಷ್ಟು ನೆಲ ನಮ್ಮ ಅಧ್ಯಯನಕ್ಷೇತ್ರ. ಸಂಶೋಧನಾ ವಿಧಾನ: ಫೋಟೊ ಸ್ಟುಡಿಯೊದ ಬೆಂಚಿನ ಮೇಲೆ ಕೂತು, ಅವರದೇ ಚಹಾ ಕುಡಿದು, ಬಂದ ಗಿರಾಕಿಗಳ ಮಾತಿಗೆ ಕಿವಿಗೊಡುವುದು. ವಿಶ್ವವಿದ್ಯಾಲಯದವರು ಇದನ್ನು ಸಹಭಾಗಿ ಅವಲೋಕನ ಎನ್ನುತ್ತಾರೆ. ಸ್ಟುಡಿಯೊದವರು ಏನೆನ್ನುತ್ತಾರೆಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಮೊದಲು ಇತಿಹಾಸ. ಮೌರ್ಯರಿಂದ ಶುರುವಾಗದ ಶಾಸ್ತ್ರಕ್ಕೆ ಮರ್ಯಾದೆ ಇಲ್ಲ. ಪುಣ್ಯಕ್ಕೆ ಅದಕ್ಕಾಗಿ ನಾವು ಪಾಟ್ನಾಕ್ಕೆ ಹೋಗಬೇಕಾಗಿಲ್ಲ, ಮಸ್ಕಿಗೆ ಹೋದರೆ ಸಾಕು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಮೌರ್ಯ ರಾಜನೊಬ್ಬನ ಶಾಸನವನ್ನು ಕಂಡ. ಅದಕ್ಕೂ ಮೊದಲು ಸಿಕ್ಕಿದ್ದ ಈ ರಾಜನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ‘ಅಶೋಕ’ ಎಂಬ ಹೆಸರು ಮೊದಲು ಓದಲು ಸಿಕ್ಕದ್ದು ಮಸ್ಕಿಯಲ್ಲಿ. ಅಂದರೆ ಉಪಖಂಡದ ತುಂಬ ಮಾಲು ಹಂಚಿದ ದೊರೆ, ತನ್ನ ಹೆಸರು ಹಾಕುವುದನ್ನು ನೆನಪಿಸಿಕೊಂಡದ್ದು ನಮ್ಮ ಸೀಮೆಗೆ ಬಂದ ಮೇಲೆ. ಆ ಪಾಠವನ್ನು ಇಲ್ಲಿಯ ಸ್ಟುಡಿಯೊಗಳು ಮರೆತಿಲ್ಲ. ಫೋಟೊದ ಮೂಲೆಯಲ್ಲಿ ಸ್ಟುಡಿಯೊದ ಹೆಸರು, ಊರು, ಎರಡು ಮೊಬೈಲ್ ನಂಬರು ಕಡ್ಡಾಯ. ಜಾಗ ಸಾಲದಿದ್ದರೆ ಮದುಮಗಳ ಗಲ್ಲದ ಮೇಲೆ.

ಜೋಡಿಚಿತ್ರದ ಪರಂಪರೆಗೆ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯೇ ಆಧಾರ. ಅಲ್ಲಿನ ಉತ್ಖನನದಲ್ಲಿ ದೊರೆತ ಶಿಲ್ಪವೊಂದರಲ್ಲಿ ರಾಜ, ರಾಣಿ, ಛತ್ರಿ ಚಾಮರ ಹಿಡಿದ ಪರಿಚಾರಕಿಯರು ಇದ್ದಾರೆ. ಇವನು ರಾಜ ಅಶೋಕ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಛತ್ರಿ ಹಿಡಿದವಳನ್ನು ಇಂದಿನ ಲೈಟ್ ಹಿಡಿಯುವ ಹುಡುಗನ ಮೂಲಪುರುಷಳೆಂದು ಈ ಪ್ರಬಂಧಕಾರ ಗುರುತಿಸುತ್ತಾನೆ. ಅದಕ್ಕಿಂತ ಮುಖ್ಯ ಸಂಗತಿ: ಶಿಲ್ಪ ಸಿದ್ಧವಾದದ್ದು ಅಶೋಕ ತೀರಿಕೊಂಡು ಶತಮಾನಗಳೇ ಕಳೆದ ಮೇಲೆ. ಹೀಗಿರುವಾಗ, ಲಗ್ನವಾಗಿ ಮಗು ಅಂಬೆಗಾಲಿಡುವ ಹೊತ್ತಿಗೆ ಆಲ್ಬಂ ಕೊಡುವ ನಮ್ಮವರನ್ನು ತಡ ಮಾಡಿದರೆಂದು ದೂರುವುದು ಇತಿಹಾಸದ ಅಜ್ಞಾನ.

ರಾಯಚೂರು ಸೀಮೆ 1948ರವರೆಗೆ ನಿಜಾಮನದು. ಆರನೆಯ ನಿಜಾಮನ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೊ ತೆರೆದ. ಪರದೆಯ ಹೆಣ್ಣುಮಕ್ಕಳ ಫೋಟೊ ತೆಗೆಯಲು ಅಲ್ಲಿ ಹೆಣ್ಣುಮಗಳನ್ನೇ ಇಟ್ಟಿದ್ದ. ಅರಿಶಿಣ ಹಚ್ಚುವ ಹೊತ್ತಿನಲ್ಲಿ ಮೂರು ಗಂಡುಹುಡುಗರು ಕ್ಯಾಮೆರಾ ಹಿಡಿದು ಒಳಮನೆಗೆ ನುಗ್ಗುವುದನ್ನು ನೋಡಿದವರಿಗೆ, ವ್ಯಾಪಾರದ ಈ ಜಾಣತನ ಇನ್ನೂ ನಮ್ಮ ತಾಲ್ಲೂಕುಗಳನ್ನು ಮುಟ್ಟಿಲ್ಲವೆಂದು ತಿಳಿಯುತ್ತದೆ.

ಸಂಖ್ಯಾಶಾಸ್ತ್ರದ ಒಂದು ಸೂಕ್ಷ್ಮವನ್ನೂ ಇಲ್ಲಿಯೇ ದಾಖಲಿಸಬೇಕು. ಜಾತಕ ಕೂಡಿಸುವಾಗ ಗುಣ 36. ರೀಲಿನ ಕಾಲದಲ್ಲಿ ಒಂದು ರೀಲಿಗೆ ಫೋಟೊ 36. ಈಗಿನ ಕರಿಜ್ಮಾ ಆಲ್ಬಂ ಬಿಚ್ಚಿದರೆ ಅಗಲ 36 ಇಂಚು. ಇವುಗಳ ಸಂಬಂಧವನ್ನು ಪ್ರತ್ಯೇಕ ಸಂಪುಟದಲ್ಲಿ ಚರ್ಚಿಸಲಾಗುವುದು.

ಇನ್ನು ಪೂರ್ವಪಕ್ಷ. ಗಿರಾಕಿ ಕೆಲಸದ ಗುಣಮಟ್ಟ ನೋಡಿ ಆರ್ಡರ್ ಕೊಡುತ್ತಾನೆ ಎಂಬುದು ಫೋಟೊಗ್ರಾಫರನ ನಂಬಿಕೆ. ಅದಕ್ಕೇ ಸಾಲ ಮಾಡಿ ಡ್ರೋನ್ ತರುತ್ತಾನೆ, ಹೊಸ ಲೆನ್ಸ್ ತರುತ್ತಾನೆ, ಮದುಮಕ್ಕಳನ್ನು ಮುದಗಲ್ಲ ಕೋಟೆಗೋ ಜಲದುರ್ಗಕ್ಕೋ ಒಯ್ದು ಓಡಿಸುತ್ತಾನೆ, ಅದೇ ರೀಲ್ಸನ್ನು ದಿನಕ್ಕೆ ಮೂರು ಸಲ ಸ್ಟೇಟಸ್‌ಗೆ ಹಾಕುತ್ತಾನೆ. ಈ ವಾದದ ಖಂಡನೆಗೆ ಬೆಂಚಿನ ಮೇಲೆ ಕಂಡ ಒಂದು ಪ್ರಸಂಗ ಸಾಕು.

ಮದುಮಗನ ತಾಯಿ ಮಾದರಿ ಆಲ್ಬಂ ತೆರೆದಳು. ಮೊದಲ ಶೀಟಿನಲ್ಲಿ ಜೋಡಿ ಮೋಡದ ಮೇಲೆ ಕೂತಿತ್ತು; ತಿರುವಿದಳು. ಎರಡನೆಯದರಲ್ಲಿ ಹಂದರ ಆಕಾಶದಿಂದ ಕಾಣುತ್ತಿತ್ತು, ತಿರುವಿದಳು. ‘ಇದು ಕ್ಯಾಂಡಿಡ್ ರೀ ಯವ್ವಾ’ ಎಂದು ಸ್ಟುಡಿಯೊದ ಹುಡುಗ ವಿವರಿಸಹೋದ, ಅದನ್ನೂ ತಿರುವಿದಳು. ಆಯೇರಿ (ಉಡುಗೊರೆ) ಮಾಡುವವರ ಸಾಲು ಬಂದಾಗ ಬೆರಳು ನಿಂತಿತು.

‘ಏ, ಈಕಿ ನಮ್ಮ ದೊಡ್ಡ ಸೊಸಿ ಚಿಗವ್ವ ಹೌದಲ್ಲೊ?’

‘ಹೌದು ನೋಡಬೇ.’

‘ಇವರ ಮನಿ ಲಗ್ನಾನೂ ನೀನಽ ಮಾಡಿದ್ದೇನು ತಮ್ಮಾ?’

‘ಹೂನ್ರೀ.’

‘ಹಂಗಾರ ರೊಕ್ಕ ಎಷ್ಟು, ಹೇಳು.’

ಇಲ್ಲಿಂದ ಹೊರಡುವುದೇ ನಮ್ಮ ಸಿದ್ಧಾಂತ: ಆಲ್ಬಮ್ಮಿನಲ್ಲಿ ಗಿರಾಕಿ ಹುಡುಕುವುದು ಚಿತ್ರವನ್ನಲ್ಲ, ಗುರುತಿನ ಮುಖವನ್ನು. ಇದನ್ನು ಬೀಗತನ ಸಿದ್ಧಾಂತವೆಂದು ಕರೆಯೋಣ. ಪಂಡಿತರು ಹಗುರವಾಗಿ ತೆಗೆದುಕೊಳ್ಳಬಾರದೆಂದು ಸಂಸ್ಕೃತದ ಆಧಾರವನ್ನೂ ಕೊಡುತ್ತೇವೆ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣ ತಮ್ಮ ಬಾಳಿನ ಚಿತ್ರಗಳನ್ನು ನೋಡುತ್ತಾರೆ. ಮಿಥಿಲೆಯ ಮದುವೆಯ ಚಿತ್ರ ಬಂದಾಗ ಲಕ್ಷ್ಮಣ ಸೀತೆ, ಮಾಂಡವಿ, ಶ್ರುತಕೀರ್ತಿ ಎಂದು ತೋರಿಸುತ್ತ ತನ್ನ ಹೆಂಡತಿ ಊರ್ಮಿಳೆಯನ್ನು ಮಾತ್ರ ನಾಚಿಕೆಯಿಂದ ಹಾರಿಸುತ್ತಾನೆ. ಈ ಇನ್ನೊಬ್ಬಳು ಯಾರಪ್ಪ ಎಂದು ಸೀತೆ ಛೇಡಿಸುತ್ತಾಳೆ. ಅವನು ಅವಸರದಿಂದ ಪರಶುರಾಮನ ಚಿತ್ರಕ್ಕೆ ದಾಟುತ್ತಾನೆ. ಅಂಥ ರಾಜಮನೆತನದಲ್ಲೂ ಬಣ್ಣ ಹೇಗಿದೆ, ಬೆಳಕು ಹೇಗಿದೆ ಎಂದು ಅತ್ತಿಗೆ ಮೊದಲು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಸಿದ್ಧಾಂತದಿಂದ ಬರುವ ಆಚರಣೆಗಳು ಹಲವು. ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದದ ಆಲ್ಬಂ ತೋರಿಸುವವನು ಮೂರ್ಖ. ಬಂದವರ ಊರು, ಮನೆತನ, ಹೆಣ್ಣು ಕೊಟ್ಟ ಊರು ವಿಚಾರಿಸಿ, ಅವರ ನೆಂಟರಿರುವ ಆಲ್ಬಮ್ಮನ್ನೇ ಅಟ್ಟದಿಂದ ಇಳಿಸುವವನು ಶಾಸ್ತ್ರಜ್ಞ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು ಬಂದರೆ ಕ್ಯಾಂಪಿನ ಆಲ್ಬಂ. ಅದರಲ್ಲಿ ತೆಲುಗಿನಲ್ಲಿ ಬರೆದ ಹೆಸರಿದ್ದರೆ ಅರ್ಧ ಆರ್ಡರ್ ಆದಂತೆಯೇ. ಲಗ್ನದ ಮನೆಯಲ್ಲಿ ಸುರಗಿ ಸುತ್ತುವಾಗ ಕ್ಯಾಮೆರಾ ಕೆಟ್ಟರೂ ನಡೆದೀತು, ಮತ್ತೊಮ್ಮೆ ಕೂಡಿಸಬಹುದು. (ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಮದುವೆಯಾದಳು, 1854ರಲ್ಲಿ ರೋಜರ್ ಫೆಂಟನ್ ತೆಗೆದ ಗಂಡಹೆಂಡಿರ ಫೋಟೊವನ್ನೇ ಮದುವೆಯದೆಂದು ಇಂದಿಗೂ ನಂಬಿದವರಿದ್ದಾರೆ.) ಆದರೆ ಸೋದರಮಾವ ಆಯೇರಿ ಮಾಡಿದ ಫೋಟೊ ಬಿಟ್ಟುಹೋದರೆ ಆ ಕಡೆಯ ನಾಲ್ಕು ಊರಿನ ಲಗ್ನಗಳು ಕೈಬಿಟ್ಟವೆಂದೇ ತಿಳಿಯಬೇಕು. ಫ್ಲೆಕ್ಸಿಗೆ ಹಾಕುವ ದುಡ್ಡನ್ನು, ಊಟದ ಪಂಕ್ತಿಯ ಮುದುಕಿಯರ ಫೋಟೊ ಪ್ರಿಂಟ್ ಹಾಕಿಸಿ ಮನೆಮನೆಗೆ ಮುಟ್ಟಿಸಲು ಹಾಕಿದವನಿಗೆ ಮುಂದಿನ ಶ್ರಾವಣಕ್ಕೆ ಬಿಡುವಿರುವುದಿಲ್ಲ.

ಇನ್ನು ಅರ್ಥಶಾಸ್ತ್ರ. ಬೆಲೆ ಗೊತ್ತಾಗುವುದು ಸ್ಟುಡಿಯೊದಲ್ಲಿ ಅಲ್ಲ, ಎಡದಂಡೆ ಕಾಲುವೆಯ ಗೇಟಿನಲ್ಲಿ. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ ಈ ಸೀಮೆಯ ಜೋಳದ ಹೊಲ ಭತ್ತದ ಗದ್ದೆಯಾಯಿತು. ಎರಡು ಬೆಳೆ ಬಂದ ವರ್ಷ ಆಲ್ಬಮ್ಮಿಗೆ ಐವತ್ತು ಶೀಟು, ಎಲ್‌ಇಡಿ ಪರದೆ, ಕ್ರೇನು. ಒಂದೇ ಬೆಳೆಯಾದರೆ ಮೂವತ್ತು ಶೀಟು, ಕ್ರೇನಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ರೈತರಷ್ಟೇ ಗಾಬರಿಯಾದವರು ಅಡ್ವಾನ್ಸ್ ಹಿಡಿದಿದ್ದ ಫೋಟೊಗ್ರಾಫರರು ಎಂಬುದು ನಮ್ಮ ಊಹೆ. ಪೊಲೀಸ್ ದಾಖಲೆ ಇಲ್ಲ. ಕಾಲುವೆಯ ಕೊನೆಯಂಚಿನ ಊರವರು ಬಂದರೆ ರೇಟು ಹೇಳುವ ಮೊದಲು ನೀರು ಬಂತೇ ಎಂದು ಕೇಳುವುದು ಸಭ್ಯತೆ.

ಒಂದು ವಿಷಯದಲ್ಲಿ ಮಾತ್ರ ಈ ಪ್ರಬಂಧ ತಮಾಷೆ ಮಾಡುವುದಿಲ್ಲ. ಅಡ್ವಾನ್ಸ್ ಹಿಡಿಯುವ ಮೊದಲು ಹುಡುಗಿಯ ವಯಸ್ಸು ಕೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಂಥ ಮದುವೆ ನಡೆಸಿದವರಿಗೂ ಕುಮ್ಮಕ್ಕು ಕೊಟ್ಟವರಿಗೂ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಡುಗೆಯವರು, ಪೆಂಡಾಲಿನವರ ಜತೆ ಫೋಟೊದವರಿಗೂ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ. ಬೀಗತನ ಸಿದ್ಧಾಂತದ ಪ್ರಕಾರವೂ ಕೋರ್ಟಿನಲ್ಲಿ ಸಾಕ್ಷಿಯಾಗಿ ತೆರೆಯುವ ಆಲ್ಬಂ ಗಿರಾಕಿ ತರುವುದಿಲ್ಲ.

ಸಂಶೋಧನೆ ಸದ್ಯಕ್ಕೆ ಇಲ್ಲಿಗೆ ನಿಂತಿದೆ. ಕಾರಣ, ಪ್ರಬಂಧದ ಮುಖ್ಯ ಆಕರವಾದ ಮಾದರಿ ಆಲ್ಬಮ್ಮನ್ನು ‘ಬೀಗರಿಗೆ ತೋರಿಸಿ ನಾಳೆ ತಂದುಕೊಡ್ತೀವಿ’ ಎಂದು ಯಾರೋ ಒಯ್ದಿದ್ದಾರೆ. ಅದರಲ್ಲಿ ಆಯೇರಿಯ ಸಾಲು ಪೂರ್ತಿ ಇದೆ. ಒಯ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸ್ಟುಡಿಯೊಕ್ಕೆ ತಂದುಮುಟ್ಟಿಸಬೇಕು; ಬಾಕಿ ರೊಕ್ಕದ ಮಾತು ಆಮೇಲೆ ಆಡೋಣ.