ಸವಳು ನೀರೂ ಅಜ್ಞಾತ ಲವಣವೂ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಶಿರಸಾವಹಿಸಿ ರೋಣ, ನರಗುಂದ, ಗಜೇಂದ್ರಗಡಗಳ ಕಾಲೇಜುಗಳಲ್ಲಿ ನಿರವಯವ ರಸಾಯನಶಾಸ್ತ್ರವನ್ನು ಬೋಧಿಸುವ ಅಧ್ಯಾಪಕನಿಗೆ, ಯಾವ ನೇಮಕಾತಿ ಪತ್ರವೂ ಇಲ್ಲದ ಸಹೋದ್ಯೋಗಿಯೊಬ್ಬನಿರುವನು. ಅವನೇ ಎರೆಸೀಮೆಯ ಸವಳು ನೀರು. ಅಜ್ಞಾತ ಲವಣವನ್ನು ಕೊಳವೆಬಾವಿಯ ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲ ಬೆರೆಸಿ, ಸಿಲ್ವರ್ ನೈಟ್ರೇಟಿನ ಎರಡು ಹನಿ ಬಿಡುತ್ತಲೇ ಮೊಸರಿನಂತಹ ಬಿಳಿಯ ಒತ್ತರ ಉದ್ಭವಿಸಲು, ವಿದ್ಯಾರ್ಥಿ ಹಿಗ್ಗಿ ಕೂಗುವನು:

“ಸರ್, ಕ್ಲೋರೈಡ್ ಸಿಕ್ತ್ರಿ!”

“ತಮ್ಮಾ, ಬರೇ ನೀರಿಗೆ ಹಾಕಿದ್ರೂ ಸಿಗತೈತಿ. ಡಿಸ್ಟಿಲ್ಡ್ ವಾಟರ್ ತಗೊಂಡು ಮತ್ತ ಮಾಡು.”

ಕ್ಲೋರೈಡಿನ ಕಥೆ ಇಂತಾದರೆ, ತಾಮ್ರವನ್ನು ಕಪ್ಪಾಗಿಯೂ ಕ್ಯಾಡ್ಮಿಯಮ್ಮನ್ನು ಹಳದಿಯಾಗಿಯೂ ಒತ್ತರಿಸುವ ಹೈಡ್ರೋಜನ್ ಸಲ್ಫೈಡಿನ ಮಹಿಮೆ ಕಾಲೇಜಿನ ಸಮಸ್ತ ವಿಭಾಗಗಳಿಗೂ ವಿದಿತ. ಡೆಲ್ಫ್ಟ್ ನಗರದ ಔಷಧ ವ್ಯಾಪಾರಿ ಕಿಪ್ ಮಹಾಶಯನು 1844ರ ಸುಮಾರಿಗೆ ರೂಪಿಸಿದ ಗಾಜಿನ ಉಪಕರಣದಿಂದ ಆ ಕೊಳೆತ ಮೊಟ್ಟೆಯ ಪರಿಮಳ ಹೊರಟು ಪಕ್ಕದ ಕೋಣೆಯನ್ನು ಪ್ರವೇಶಿಸಿತೆಂದರೆ, ಅಲ್ಲಿ ನರಗುಂದದ ಅರಸ ಬಾಬಾಸಾಹೇಬರ 1858ರ ಬಂಡಾಯವನ್ನು ಶ್ರದ್ಧೆಯಿಂದ ಆಲಿಸುತ್ತಿರುವ ಇತಿಹಾಸದ ವಿದ್ಯಾರ್ಥಿಗಳು ಎರಡನೆಯ ಬಂಡಾಯಕ್ಕೆ ಸನ್ನದ್ಧರಾಗಿ ಹೊರಬೀಳುವರು.

ಇಷ್ಟೆಲ್ಲ ವಿಘ್ನಗಳ ನಡುವೆಯೂ ಪ್ರಾಯೋಗಿಕ ಪರೀಕ್ಷೆಯ ದಿನ ಬಹುಮಂದಿಯ ಉತ್ತರ ಸರಿಯಾಗಿಯೇ ಇರುವುದೆಂತು ಎಂದು ಬಾಹ್ಯ ಪರೀಕ್ಷಕರು ವಿಸ್ಮಯಪಡುವುದುಂಟು. ಪರೀಕ್ಷಾನಳಿಕೆಯನ್ನು ಕೈಯಲ್ಲಿ ಹಿಡಿದು, “ಇದು ಬೇರಿಯಮ್ಮೋ, ಸ್ಟ್ರಾನ್ಷಿಯಮ್ಮೋ?” ಎಂದು ಗೊಣಗುತ್ತ, ಲವಣ ಹಂಚಿದ ಅಟೆಂಡರನ ಹುಬ್ಬುಗಳ ಏರಿಳಿತವನ್ನು ನಿಟ್ಟಿಸುವ ಆ ಗುಣಾತ್ಮಕ ವಿಶ್ಲೇಷಣೆಗೆ ಆಮ್ಲವೂ ಬೇಡ, ಜ್ವಾಲೆಯೂ ಬೇಡ, ಅಂಕಗಳು ಮಾತ್ರ ತಪ್ಪದೆ ಒತ್ತರಿಸುವುವು.